ತೂಗದ ಕೊಸರು

ಸನ್ಮಾನ ಎಂದರೆ ನೆಲಿದಾ ಪಾಲೊಮಿನೊಗೆ ಮೊದಲಿಂದಲೂ ಅಷ್ಟಕ್ಕಷ್ಟೇ. ಆದರೆ ಲಿಮಾದ ಸಗಟು ಮಾರುಕಟ್ಟೆಯ ಹಮಾಲರು ಬಿಡಬೇಕಲ್ಲ! ಇಪ್ಪತ್ತು ಗಂಟೆ ಬಸ್ಸಿನಲ್ಲಿ ಕೂತು ಕಾಲು ಜೋಮು ಹಿಡಿದವಳು ಬೆಳಿಗ್ಗೆ ಹತ್ತಕ್ಕೆ ಗೇಟಿನೊಳಗೆ ಹೆಜ್ಜೆ ಇಟ್ಟಳೋ ಇಲ್ಲವೋ, ಹಸಿರು ಅಂಗಿ ತೊಟ್ಟ ನಲವತ್ತು ಮಂದಿ "ಬಂದ್ರು, ಇಂಜಿನಿಯರಮ್ಮ ಬಂದ್ರು!" ಎಂದು ಕೂಗುತ್ತ ಸುತ್ತುವರಿದು ಅವಳ ತಲೆಯ ಮೇಲೆ ಬಣ್ಣದ ಕಾಗದದ ಚೂರುಗಳನ್ನು ಸುರಿದರು. ಹಿಡಿ ಹಿಡಿಯಾಗಿ ಸುರಿದರು. ಜಡೆಯೊಳಗೆ, ಕಿವಿಯೊಳಗೆ, ಸ್ವೆಟರಿನ ಕುತ್ತಿಗೆಯೊಳಗೆಲ್ಲ ಇಳಿದ ಚೂರುಗಳನ್ನು ಅವಳು ನಗುನಗುತ್ತಲೇ ಕೊಡವಿಕೊಂಡಳು. ಆಗಿನ್ನೂ ಅವಳಿಗೆ ನಗು ಬರುತ್ತಿತ್ತು.

ಸನ್ಮಾನ ಯಾತಕ್ಕೆ ಎಂದರೆ ಒಂದು ಮೂಟೆಗೆ. ಮೊದಲೆಲ್ಲ ಬೆಟ್ಟದ ಮೇಲಿನ ಊರುಗಳಿಂದ ಇಳಿದು ಬರುವ ಆಲೂಗಡ್ಡೆಯ ಮೂಟೆ ನೂರಿಪ್ಪತ್ತು ಕಿಲೋ ತೂಗುತ್ತಿತ್ತು. ಲಾರಿಯವನು ಬಾಡಿಗೆ ಕೇಳುತ್ತಿದ್ದದ್ದು ಮೂಟೆಗಿಷ್ಟು ಎಂದು. ಹಾಗಾಗಿ ರೈತ ಮೂಟೆಯನ್ನು ತುಂಬಿದ, ತುಂಬಿದ್ದರ ಮೇಲೆ ತುರುಕಿದ, ತುರುಕಿದ್ದರ ಮೇಲೆ ಹುರಿಯಲ್ಲಿ ಬಲೆ ಹೆಣೆದು ಇನ್ನಷ್ಟು ಪೇರಿಸಿದ. ಅದರಿಂದ ಲಾರಿಯವನಿಗೆ ಏನೂ ಆಗಲಿಲ್ಲ, ರೈತನಿಗೂ ಆಗಲಿಲ್ಲ. ಆದದ್ದೆಲ್ಲ ಲಿಮಾದಲ್ಲಿ ಅದನ್ನು ಬೆನ್ನಿಗೆ ಹಾಕಿಕೊಂಡವನಿಗೆ. ಐವತ್ತು ಕಿಲೋ ಮೀರಬಾರದು ಎಂದು ಕಾನೂನು ಹೇಳಿ ವರ್ಷಗಳೇ ಆಗಿದ್ದವು. ಕಾನೂನು ಹೇಳುತ್ತದೆ, ಮೂಟೆ ಕೇಳಬೇಕಲ್ಲ!

ನೆಲಿದಾಳ ಅಪ್ಪ ಇದೇ ಮಾರುಕಟ್ಟೆಯಲ್ಲಿ ಹಮಾಲನಾಗಿದ್ದ. ವರ್ಷಕ್ಕೊಮ್ಮೆ ಊರಿಗೆ, ಪುಕಾಕಾಸಾಗೆ, ಬರುತ್ತಿದ್ದ. ಮಗಳು ಹೆಗಲೇರಿ ಕೂತಾಗ ಅವನ ಕತ್ತಿನ ಹಿಂದೆ ಒಂದು ಗಂಟು ಕೈಗೆ ಸಿಗುತ್ತಿತ್ತು, ಬೇಯದ ಆಲೂಗಡ್ಡೆಯಷ್ಟು ಗಟ್ಟಿ. "ಇದೇನಪ್ಪಾ?" ಎಂದರೆ "ನಿನಗೇಂತ ಒಂದು ಗಡ್ಡೆ ಬಚ್ಚಿಟ್ಟಿದೀನಿ ಮಗಾ" ಎನ್ನುತ್ತಿದ್ದ. ಐವತ್ತೆರಡಕ್ಕೆ ಅವನು ನೆಟ್ಟಗೆ ನಿಲ್ಲಲಾರದವನಾದ. ಐವತ್ತೈದಕ್ಕೆ ಹೋದ. ಪೆಟ್ಟಿಗೆಯಲ್ಲಿ ಮಲಗಿಸಲು ಕತ್ತಿನಡಿ ಎರಡು ದಿಂಬು ಇಡಬೇಕಾಯಿತು.

ಆ ಸಿಟ್ಟಿಗೇ ಅವಳು ಹಟ ಹಿಡಿದು ಇಂಜಿನಿಯರಿಂಗ್ ಓದಿದಳು, ಊರಿಗೆ ಮರಳಿ ಆಲೂಗಡ್ಡೆ ಬೆಳೆಗಾರರ ಸಹಕಾರ ಸಂಘ ಸೇರಿದಳು. ಸಾಗಾಟ ಎಂದರೆ ಎಲ್ಲರೂ ಹೊಲದಿಂದ ಶುರು ಮಾಡಿ ಯೋಚಿಸುತ್ತಾರೆ. ಇವಳು ತಿರುವುಮುರುವು. ಮೊದಲು ಕಾಗದದ ಮೇಲೆ ಒಬ್ಬ ಮನುಷ್ಯನ ಬೆನ್ನು ಬರೆದಳು. ಆ ಬೆನ್ನಿಗೆ ಎಷ್ಟು ಹೊರೆ, ಆ ಹೊರೆಗೆ ಎಷ್ಟು ದೊಡ್ಡ ಚೀಲ, ಆ ಚೀಲ ಇಳಿಸಲು ಎಷ್ಟು ಎತ್ತರದ ಲಾರಿ, ಆ ಲಾರಿಗೆ ಯಾವ ಬಾಡಿಗೆ ಎಂದು ಹಿಂದೆ ಹಿಂದೆ ನಡೆದು ಕೊನೆಗೆ ಹೊಲಕ್ಕೆ ಬಂದಳು. ಬಾಯಿ ಸಪಾಟಾಗಿ ಹೊಲಿದರೆ ಐವತ್ತೇ ಕಿಲೋ ಹಿಡಿಯುವ ಚೀಲ ನೇಯಿಸಿದಳು. ಲಾರಿಯವರೊಡನೆ ಜಗಳವಾಡಿ ಬಾಡಿಗೆಯನ್ನು ತೂಕದ ಮೇಲೆ ಮಾಡಿಸಿದಳು. ಲಾರಿಯಿಂದ ಮಂಡಿಯ ಕಟ್ಟೆಗೆ ಮೆಟ್ಟಿಲಿಲ್ಲದೆ ದಾಟುವಂತೆ ಹಲಗೆಯ ಹಾದಿ ಹಾಕಿಸಿದಳು. ಪ್ರತಿ ಮೂಟೆಗೂ ಸಂಘದ ತಕ್ಕಡಿಯ ಚೀಟಿ ಕಟ್ಟಿಸಿದಳು. ಚೀಟಿಯಲ್ಲಿ ಐವತ್ತು ಕಿಲೋ ಎಂದು ಅಚ್ಚಾಗಿರುತ್ತಿತ್ತು, ಕೆಳಗೆ ಅವಳ ರುಜು.

ಊರಿನವರನ್ನು ಒಪ್ಪಿಸುವುದೇ ದೊಡ್ಡ ಪಾಡಾಯಿತು. "ಇದೇನು ನೆಲಿ, ಮೂಟೆನಾ, ಮಗೂ ದಿಂಬಾ?" ಎಂದು ಗಂಡಸರು ನಕ್ಕರು. ಹೆಂಗಸರ ಸಂಕಟ ಬೇರೆ. ಸಪಾಟು ಬಾಯಿಯ ಮೂಟೆ ಅವರ ಕಣ್ಣಿಗೆ ಜಿಪುಣರ ಮನೆಯದಾಗಿ ಕಂಡಿತು. ಪುಕಾಕಾಸಾದಲ್ಲಿ ಒಂದು ಹಿಡಿ ಉಪ್ಪು ಕೊಂಡರೂ ಮೇಲೊಂದು ಚಿಟಿಕೆ ಕೊಸರು ಬೀಳಲೇಬೇಕು. ಕೊಸರಿಲ್ಲದೆ ಕೊಟ್ಟದ್ದು ಕೊಟ್ಟ ಹಾಗಲ್ಲ, ಮುಖಕ್ಕೆ ಎಸೆದ ಹಾಗೆ.

ಎರಡು ವರ್ಷದ ಹಿಂದೆ, ಮೊದಲ ಲಾರಿ ಹೊರಡುವ ದಿನ, ನೆಲಿದಾಳ ಅಮ್ಮ ಅಸುಂತಾ ಕೈಯಲ್ಲಿದ್ದ ದಬ್ಬಣ ಕೆಳಗಿಟ್ಟು ಮುಷ್ಕರ ಹೂಡಿದಳು.

"ಮಂಡಿಯವಳಿಗೆ ಬೇಡ ಬಿಡು, ಅವಳ ಹೊಟ್ಟೆ ತುಂಬಿದೆ. ಹೊರೋ ಮಗನಿಗಾದ್ರೂ ಬೇಡ್ವೇನೆ? ನಿಮ್ಮಪ್ಪ ಇಪ್ಪತ್ತೆಂಟು ವರ್ಷ ಹೊತ್ತ. ತಗೋ ಮಾರಾಯ, ನೀನೂ ತಿನ್ನು ಅಂತ ಒಬ್ರಾದ್ರೂ ನಾಲ್ಕು ಗಡ್ಡೆ ಕೊಟ್ಟಿದ್ರಾ?"

ನೆಲಿದಾಳ ಕಣ್ಣು ತುಂಬಿತು. ಆಗಲೇ ತೂಕವಾಗಿ ಚೀಟಿ ಕಟ್ಟಿದ್ದ ಮೂಟೆಯ ಬಾಯಿಗೆ ತಾನೇ ನಾಲ್ಕು ಹಳದಿ ಆಲೂಗಡ್ಡೆ ಇಟ್ಟು "ಇದು ಹೊರುವವನಿಗೆ" ಎಂದಳು. ಊರಿಗೆ ಊರೇ ಚಪ್ಪಾಳೆ ತಟ್ಟಿತು. ಅಂದಿನಿಂದ ಸಣ್ಣ ಮೂಟೆಯ ವಿರುದ್ಧ ಯಾರೂ ಚಕಾರ ಎತ್ತಲಿಲ್ಲ.

ಬರಬರುತ್ತಾ ಮೂಟೆಗಳ ನೆತ್ತಿಯ ಮೇಲೆ ಹುರಿಯ ಬಲೆಯ ಕಿರೀಟ ಮತ್ತೆ ಏಳುತ್ತಿದ್ದುದನ್ನು ಅವಳು ನೋಡದೆ ಇರಲಿಲ್ಲ. ನೋಡಿದಳು, ಚಂದ ಕಂಡಿತು, ಫೋಟೋ ಕೂಡ ತೆಗೆದಳು. ಇನ್ನೊಮ್ಮೆ ತಕ್ಕಡಿಗೆ ಏರಿಸಿ ನೋಡೋಣವೇ ಎಂದು ಒಂದು ಸಲ ಮನಸ್ಸಿಗೆ ಬಂದದ್ದೂ ಉಂಟು. ಹೇಗೋ ಒಪ್ಪಿದ್ದಾರೆ, ಮತ್ತೆ ಯಾಕೆ ಕೆಣಕಬೇಕು ಎಂದು ಸುಮ್ಮನಾದಳು. ಈ 'ಯಾಕೆ ಕೆಣಕಬೇಕು' ಎಂಬ ಮಾತಿದೆಯಲ್ಲ, ಲೋಕದ ಅರ್ಧ ಅನಾಹುತಗಳನ್ನು ಹೆತ್ತದ್ದು ಅದೇ.

ಸನ್ಮಾನ ಸಂಜೆ ನಾಲ್ಕಕ್ಕೆ ಎಂದು ಗೊತ್ತಾಗಿತ್ತು. ಹಮಾಲರ ಸಂಘದ ಮುಖಂಡ ಮೆಲ್ಚೋರ್ ಅವಳನ್ನು ಊಟದ ಅಂಗಡಿಗೆ ಕರೆದೊಯ್ದು, ಕೋಳಿಸಾರಿನ ಬಟ್ಟಲು ಮುಂದಿಟ್ಟು, ಅದಕ್ಕೆ ಮುಂಚೆ ಒಂದು ಚಿಕ್ಕ ಕೆಲಸ ಇದೆ ಎಂದ.

"ನಮ್ಮವನೊಬ್ಬ ಇದಾನೆ, ಫೋರ್ತುನಾತೊ ಅಂತ. ತಿಂಗಳ ಹಿಂದೆ ದೊನ್ಯಾ ಸೊಯ್ಲಾ ಮಂಡೀಲಿ ಮೂಟೆ ಸಮೇತ ಬಿದ್ದ. ಸೊಂಟ ಹೋಯ್ತು."

"ಯಾವ ಮೂಟೆ?"

"ನಿಮ್ಮದೇ, ಐವತ್ತು ಕಿಲೋದ್ದು." ಮೆಲ್ಚೋರ್ ಮುಖ ಎತ್ತದೆ ಸಾರನ್ನೇ ನೋಡುತ್ತ ಮಾತಾಡಿದ. "ಅದೇ ನಾಚಿಕೆಗೇಡು ನೋಡಿ. ನೂರಿಪ್ಪತ್ತು ಹೊತ್ತೋನು ಐವತ್ತಕ್ಕೆ ಬಿದ್ದ ಅಂದ್ರೆ ಯಾರು ನಂಬ್ತಾರೆ? ಕುಡಿದಿದ್ದ ಅಂತಾಳೆ ಸೊಯ್ಲಾ. ಮಂಡಿಯವರೆಲ್ಲ ಆಡ್ಕೊಂಡು ನಗ್ತಿದಾರೆ. ಐವತ್ತು ಐವತ್ತು ಅಂತ ಬೊಬ್ಬೆ ಹೊಡೆದ್ರಲ್ಲ, ಈಗ ಅದೂ ಆಗಲ್ವಾ, ನಾಳೆಯಿಂದ ಹತ್ತಿ ಮೂಟೆ ತರಿಸೋಣ್ವಾ ಅಂತ."

"ಕುಡಿದಿದ್ನಾ?"

"ನಾನು ಕಂಡ ಹಾಗೆ ಅವನು ಕುಡಿಯೋನಲ್ಲ. ಆದ್ರೆ ಅವನೂ ಬಾಯಿ ಬಿಡಲ್ಲ, ಏನು ಮಾಡೋಣ? ಎರಡು ಗಂಟೆಗೆ ಮಾರುಕಟ್ಟೆ ಸಮಿತಿ ಕೂತು ಅವನ ಅಂಗಿ ವಾಪಸ್ ತಗೊಳ್ಳುತ್ತೆ. ಚೀಟಿಯ ತೂಕ ಸರಿ ಇದೆ ಅಂತ ನೀವು ಬಂದು ಒಂದು ಮಾತು ಹೇಳ್ಬೇಕಂತೆ. ಅಷ್ಟೇ ಕೆಲಸ."

ಬೆನ್ನ ಮೇಲೆ ಸಂಖ್ಯೆ ಬರೆದ ಆ ಹಸಿರು ಅಂಗಿ ಸುಮ್ಮನೆ ಬಟ್ಟೆಯಲ್ಲ. ಅದಿದ್ದರೆ ಮಾರುಕಟ್ಟೆಯೊಳಗೆ ಕೆಲಸ, ಪೆಟ್ಟಾದರೆ ಆಸ್ಪತ್ರೆ. ಅದು ಹೋದರೆ ಎರಡೂ ಹೋಯಿತು. ಸೊಂಟ ಬಿದ್ದ ಐವತ್ತೆಂಟರ ಗಂಡಸಿಗೆ ಇನ್ಯಾರು ಕೆಲಸ ಕೊಟ್ಟಾರು, ಇನ್ಯಾರು ಔಷಧಿ ಕೊಟ್ಟಾರು?

ನೆಲಿದಾ ಸಾರಿನ ಬಟ್ಟಲು ಪಕ್ಕಕ್ಕೆ ಸರಿಸಿದಳು. ಬಿದ್ದ ಜಾಗ ನೋಡಿಬರುತ್ತೇನೆ ಎಂದು ಎದ್ದು ಹೋದಳು.

ಮಂಡಿಯ ಒಡತಿ ದೊನ್ಯಾ ಸೊಯ್ಲಾ ಮಾರುಕಟ್ಟೆಯಲ್ಲಿ ಹೆಸರಾದ ಬಾಯಿ. ಕಂಡವರನ್ನೆಲ್ಲ ಕಸೇರಿತಾ, ಅಂದರೆ ನಮ್ಮ ಖಾಯಂ ಗಿರಾಕಿ, ಎಂದು ಅಕ್ಕರೆಯಿಂದ ಕರೆಯುವಳು, ಅದೇ ಉಸಿರಿನಲ್ಲಿ ಚರ್ಮ ಸುಲಿಯುವಳು. ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಎದ್ದು ಬಂದಳು.

"ಬಾ ಕಸೇರಿತಾ, ಬಾ! ತಲೆ ತುಂಬ ಹೂವು ಮುಡಿದ ಹಾಗೆ ಕಾಗದ ಮುಡ್ಕೊಂಡಿದೀಯಲ್ಲ. ಮದುವೆ ಹೆಣ್ಣು ಸೋಲ್ಬೇಕು!"

ನೆಲಿದಾಳ ಕಣ್ಣು ಮಾತ್ರ ಮಂಡಿಯ ಮೂಲೆಯಲ್ಲಿತ್ತು. ಅಲ್ಲಿ ಬೇರೆಯಾಗಿ ಒಂದು ಗುಡ್ಡೆ ಹಾಕಿತ್ತು. ಎಲ್ಲ ಹಳದಿ ಆಲೂಗಡ್ಡೆ, ಎಲ್ಲ ಒಂದೊಂದು ಮುಷ್ಟಿ ಗಾತ್ರ.

"ಇದು ಯಾವೂರಿಂದು?"

"ಅಯ್ಯೋ, ನಿಮ್ಮೂರದೇ ಕಣೆ! ಮೂಟೆ ನೆತ್ತೀಲಿ ಬರುತ್ತಲ್ಲ, ಅದು. ನಿಮ್ಮ ಜನರ ಕೈ ದೊಡ್ಡದಮ್ಮ, ಆರಿಸಿ ಆರಿಸಿ ದಪ್ಪನೇವು ಇಟ್ಟಿರ್ತಾರೆ. ಹೋಟ್ಲಿನೋರು ಮುಗಿಬಿದ್ದು ಒಯ್ತಾರೆ."

"ಅದು ಹಮಾಲರಿಗೆ ಅಂತ ಇಟ್ಟಿದ್ದು."

ಸೊಯ್ಲಾ ಹೊಟ್ಟೆ ಹಿಡಿದು ನಕ್ಕಳು. "ಹಮಾಲರಿಗಾ? ಎಲ್ಲಿ ಬರೆದಿದೆ? ಚೀಟೀಲಿ ಐವತ್ತು ಅಂತಿದೆ, ಕೆಳಗೆ ನಿನ್ನ ರುಜು ಇದೆ. ಕೊಸರು ಕೊಂಡವರಿಗಲ್ದೆ ಹೊತ್ತವರಿಗೆ ಹೋಗೋದು ಯಾವ ದೇಶದಲ್ಲಿ ಮಗಳೇ?"

ನೆಲಿದಾ ಬಿಚ್ಚದೆ ಇಟ್ಟಿದ್ದ ಒಂದು ಮೂಟೆಯ ಹತ್ತಿರ ಹೋಗಿ ಕಿರೀಟದ ಮೇಲೆ ಅಂಗೈ ಇಟ್ಟಳು. ಒಂದು ಗೇಣಿಗೂ ಹೆಚ್ಚು ಎತ್ತರವಿತ್ತು. ಹಮಾಲ ಮೂಟೆಯನ್ನು ಬೆನ್ನಿಗೆ ಹಾಕಿಕೊಂಡಾಗ ಅದರ ಬಾಯಿ ಬರುವುದು ಸರಿಯಾಗಿ ಕತ್ತಿನ ಹಿಂದಕ್ಕೆ. ಬಾಯಿ ಸಪಾಟಾಗಿದ್ದರೆ ತಲೆ ಎತ್ತಲು ಜಾಗವಿರುತ್ತದೆ. ಕಿರೀಟವಿದ್ದರೆ ತಲೆ ಮುಂದಕ್ಕೆ ಬಾಗಬೇಕು, ಹಲಗೆ ಕಾಣುವುದಿಲ್ಲ, ಮೇಲಿನ ಭಾರ ಆಚೀಚೆ ತೂಗುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬಾಯಿ ಸಪಾಟಾಗಿರಬೇಕು ಎಂದು ಕಾಗದದಲ್ಲಿ ಗೆರೆ ಎಳೆದವಳು ಅವಳೇ.

ಮಂಡಿಯ ಹಿಂದೆ ಹೋಗಿ ಅಮ್ಮನಿಗೆ ಫೋನ್ ಮಾಡಿದಳು.

"ಅಮ್ಮಾ, ಮೂಟೆ ಮೇಲೆ ಕೊಸರು ಎಷ್ಟು ಹಾಕ್ತೀರಾ?"

"ಯಾಕೆ, ಕಮ್ಮಿ ಆಯ್ತಂತಾ?" ಅಸುಂತಾಳ ದನಿಯಲ್ಲಿ ಗಾಬರಿ. "ನೀನು ನಾಲ್ಕು ಇಟ್ಟಿದ್ದೆ. ನಾವೇನು ನಾಲ್ಕಕ್ಕೇ ನಿಲ್ಲೋ ಜನಾನಾ? ಬೆಳೆದೋನು ಅವನ ಪಾಲು ಇಡ್ತಾನೆ, ಹೊಲಿಯೋಳು ಅವಳ ಪಾಲು ಇಡ್ತಾಳೆ, ಲಾರಿಗೆ ಏರಿಸೋನೂ ಮನೆಯಿಂದ ತಂದು ನಾಲ್ಕು ಸೇರಿಸ್ತಾನೆ. ನನ್ನ ಪಾಲಿಂದು ನಾನೇ ಆರಿಸ್ತೀನಿ ಕಣೆ, ಒಂದೂ ಹುಳುಕು ಇರಲ್ಲ."

"ಹಾಕಿದ ಮೇಲೆ ತೂಗ್ತೀರಾ?"

"ತೂಗಿದ್ರೆ ಅದು ವ್ಯಾಪಾರ ಆಗುತ್ತೆ, ಕೊಸರು ಹೇಗಾಗುತ್ತೆ? ಏನೇ ಓದಿದೀಯ ನೀನು!" ಅಮ್ಮ ನಕ್ಕಳು. ಆಮೇಲೆ ಮೆತ್ತಗೆ ಕೇಳಿದಳು, "ಆ ಮಕ್ಕಳು ತಿಂತಾರಾ ನೆಲಿ? ಹಿಟ್ಟು ಹಿಟ್ಟಾಗಿ ಬೇಯುತ್ತಲ್ವಾ?"

"ತಿಂತಾರಮ್ಮ. ತುಂಬಾ ಚೆನ್ನಾಗಿರುತ್ತಂತೆ" ಎಂದಳು ನೆಲಿದಾ. ಮೂವತ್ತೆಂಟು ವರ್ಷದಲ್ಲಿ ಅಮ್ಮನಿಗೆ ಇಷ್ಟು ಸಲೀಸಾಗಿ ಸುಳ್ಳು ಹೇಳಿದ್ದು ಅದೇ ಮೊದಲು.

ಸಮಿತಿಯ ಕೋಣೆಯ ಹೊರಗೆ ಬೆಂಚಿನ ಮೇಲೆ ಒಬ್ಬನೇ ಒಬ್ಬ ಕೂತಿದ್ದ. ಸೊಂಟಕ್ಕೆ ಅಗಲದ ಪಟ್ಟಿ, ಮೇಲೆ ಹಸಿರು ಅಂಗಿ, ಮಡಿಲಲ್ಲಿ ಟೋಪಿ. ನೆಲಿದಾಳನ್ನು ಕಂಡು ಏಳಲು ಹೋದ, ಏಳಲಾರದೆ ಬೆಂಚಿನ ಅಂಚು ಹಿಡಿದ.

"ಕೂತ್ಕೊಳ್ಳಿ ದೊನ್ ಫೋರ್ತುನಾತೊ, ದಯವಿಟ್ಟು ಕೂತ್ಕೊಳ್ಳಿ."

"ನಿಮ್ಮ ಹತ್ರ ಕ್ಷಮೆ ಕೇಳ್ಬೇಕು ಅಂತ ಬೆಳಿಗ್ಗೆಯಿಂದ ಕಾಯ್ತಿದೀನಿ ಇಂಜಿನಿಯರಮ್ಮ." ಅವನು ಟೋಪಿಯನ್ನು ತಿರುಗಿಸುತ್ತ ಹೇಳಿದ. "ನಮ್ಮ ಬೆನ್ನು ಉಳೀಲಿ ಅಂತ ನೀವು ಇಷ್ಟೆಲ್ಲ ಮಾಡಿದ್ರಿ. ನಾನು ನಿಮ್ಮ ಮೂಟೆ ಹೆಸರಿಗೇ ಮಸಿ ಬಳಿದೆ. ಕುಡಿದಿರ್ಲಿಲ್ಲ, ನಮ್ಮಮ್ಮನಾಣೆ. ಆದ್ರೆ ಕುಡಿದಿದ್ದೆ ಅಂತಾನೇ ಅಂದ್ಕೊಳ್ಳಲಿ ಬಿಡಿ. ಐವತ್ತು ಹೊರೋ ತಾಕತ್ತಿಲ್ಲ ಅನ್ನಿಸ್ಕೊಳ್ಳೋದಕ್ಕಿಂತ ಅದೇ ವಾಸಿ."

ನೆಲ ಬಾಯಿಬಿಟ್ಟರೆ ಹೊಕ್ಕುಬಿಡಬೇಕು ಎನ್ನಿಸಿತು ಅವಳಿಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎನ್ನುತ್ತಾರಲ್ಲ, ಇಲ್ಲಿ ಎಮ್ಮೆಯೇ ಬಂದು ಬೆನ್ನೊಡ್ಡಿ ನಿಂತಿತ್ತು. ಆಗಲೇ ಹೇಳಿಬಿಡಬೇಕಿತ್ತು. ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ಒಳಗಿನಿಂದ ಇಬ್ಬರಿಗೂ ಕರೆ ಬಂತು.

ಕೋಣೆಯಲ್ಲಿ ಮೇಜಿನ ಹಿಂದೆ ಸಮಿತಿಯ ಮೂವರು, ಪಕ್ಕದಲ್ಲಿ ಸೊಯ್ಲಾ, ಗೋಡೆಗೆ ಒರಗಿ ಮೆಲ್ಚೋರ್. ಕಿಟಕಿಯಾಚೆ ಹಮಾಲರು ಸನ್ಮಾನಕ್ಕೆಂದು ಬೆಂಚು ಜೋಡಿಸುತ್ತಿದ್ದರು. ಯಾರೋ ಡ್ರಮ್ಮು ಬಾರಿಸಿ ನೋಡುತ್ತಿದ್ದರು. ಅಧ್ಯಕ್ಷ ಬಿದ್ದ ಮೂಟೆಯ ಚೀಟಿಯನ್ನು ನೆಲಿದಾಳ ಮುಂದೆ ತಳ್ಳಿದ.

"ಈ ರುಜು ನಿಮ್ಮದು ತಾನೆ? ತೂಕ ಸರಿ ಇದೆಯಾ?"

ಹೇಳಲು ಎಷ್ಟೊಂದು ಇತ್ತು! ಆದರೆ ಅವಳ ಕಣ್ಣಿಗೆ ಕಂಡದ್ದು ಊರು, ಅಮ್ಮನ ಕೈ, ಹೊರಗಿನ ಡ್ರಮ್ಮು, ತನ್ನ ಹೆಸರು. ಊರಿಗೆ ಹೋಗಿ ಸದ್ದಿಲ್ಲದೆ ಸರಿಮಾಡಿದರಾಯಿತು, ನಾಳೆಯಿಂದ ಯಾರಿಗೂ ಹೀಗಾಗದಂತೆ ನೋಡಿಕೊಂಡರಾಯಿತು ಎಂದು ಮನಸ್ಸು ಎಷ್ಟು ಚುರುಕಾಗಿ ಹಾದಿ ಹುಡುಕಿಕೊಟ್ಟಿತು! ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

"ರುಜು ನನ್ನದು" ಎಂದಳು. "ಚೀಟಿ ಸರಿ ಇದೆ. ತಕ್ಕಡಿಯೂ ಸರಿ ಇದೆ."

ಮೂರು ಮಾತೂ ನಿಜವೇ. ಮೂರೂ ಸೇರಿ ಒಂದು ಹಸಿಸುಳ್ಳು.

"ನಾನು ಹೇಳಿರ್ಲಿಲ್ವಾ?" ಎಂದಳು ಸೊಯ್ಲಾ. ಅಧ್ಯಕ್ಷ ಏನೋ ಬರೆದುಕೊಂಡ. ಅಂಗಿ ಬಿಚ್ಚು ಎಂದಾಗ ಫೋರ್ತುನಾತೊ ಬಿಚ್ಚಲು ಹೋದ. ತೋಳು ಭುಜದ ಮೇಲಕ್ಕೆ ಏಳಲಿಲ್ಲ. ಎರಡು ಸಲ ಪ್ರಯತ್ನಿಸಿ, ಮಗುವಿನ ಹಾಗೆ ಕೈ ಮುಂದೆ ಚಾಚಿ ನಿಂತ. ಮೆಲ್ಚೋರ್ ಬಂದು, ಅವನ ಮುಖ ನೋಡದೆ, ಅಂಗಿಯನ್ನು ತಲೆಯ ಮೇಲಿಂದ ಎಳೆದ. ಎಳೆಯುವಾಗ ಫೋರ್ತುನಾತೊ ಬಾಗಿದ. ಅವನ ಕತ್ತಿನ ಹಿಂದೆ ಗಂಟು ಕಂಡಿತು.

ಬೇಯದ ಆಲೂಗಡ್ಡೆಯಷ್ಟು ಗಟ್ಟಿ ಎಂದು ಅವಳಿಗೆ ಮುಟ್ಟಿ ನೋಡದೆಯೂ ಗೊತ್ತಿತ್ತು. ಗಂಟಿನ ಸುತ್ತ ಚರ್ಮ ಕೆಂಪಾಗಿ ಜಾಲರಿ ಜಾಲರಿಯಾಗಿ ಗೀರಿತ್ತು, ಅವಳ ಊರಿನ ಹುರಿಯ ಬಲೆಯ ಅಚ್ಚು. ಎರಡು ವರ್ಷ ದಿನವೂ ಒತ್ತಿದ ಅಚ್ಚು ಒಂದು ತಿಂಗಳ ವಿಶ್ರಾಂತಿಗೆ ಅಳಿಸುವುದಲ್ಲ.

"ತಕ್ಕಡಿ ತನ್ನಿ" ಎಂದಳು ನೆಲಿದಾ.

ಯಾರಿಗೂ ಅರ್ಥವಾಗಲಿಲ್ಲ. ಅವಳೇ ಎದ್ದಳು. ಕುರ್ಚಿ ಹಿಂದಕ್ಕೆ ಬಿತ್ತು. "ದೊನ್ಯಾ ಸೊಯ್ಲಾ ಮಂಡೀಲಿ ನಮ್ಮೂರ ಮೂಟೆ ಬಿಚ್ಚದೇ ಇರೋದು ಒಂದಿದೆ. ಗೇಟಿನ ತಕ್ಕಡಿಗೆ ತರಿಸಿ. ಈಗಲೇ. ಒಬ್ರೇ ಹೊರಬೇಡಿ, ಇಬ್ರು ಹಿಡೀರಿ."

ಬೆಂಚು ಜೋಡಿಸುತ್ತಿದ್ದ ನಲವತ್ತು ಮಂದಿಯೂ ಗೇಟಿನ ತಕ್ಕಡಿಯ ಸುತ್ತ ಸೇರಿದರು, ಕೈಯಲ್ಲಿ ಬಣ್ಣದ ಕಾಗದದ ಪೊಟ್ಟಣಗಳ ಸಮೇತ. ಮೂಟೆ ಏರಿತು. ಕೆಂಪು ಅಂಕಿಗಳು ಮೇಲೆ ಕೆಳಗೆ ಕುಣಿದು ನಿಂತವು. ಅಧ್ಯಕ್ಷ ಕನ್ನಡಕ ಏರಿಸಿ ಓದಿದ.

"ಅರವತ್ತೊಂದು ಕಿಲೋ ನಾನೂರು ಗ್ರಾಂ."

ನೆಲಿದಾ ಅಡಗಿಸದೆ ಹೇಳಿದಳು. ತೂಕ ಆದಮೇಲೆ ಊರಿನವರು ಕೊಸರು ಇಡುತ್ತಾರೆ, ಆ ಕೊಸರು ಹೊರುವವನಿಗೆಂದು ಇಡುತ್ತಾರೆ, ಮೊದಲು ಇಟ್ಟವಳು ತಾನೇ, ಆಮೇಲೆ ಕಿರೀಟ ಬೆಳೆದದ್ದನ್ನು ನೋಡಿಯೂ ತೂಗಿಸದೆ ಹೋದವಳೂ ತಾನೇ. "ಒಳಗೆ ಚೀಟಿ ಸರಿ ಇದೆ ಅಂದೆನಲ್ಲ, ಗೊತ್ತಿದ್ದೂ ಹಾಗಂದೆ" ಎಂದಳು. ಆ ಕೊನೆಯ ಮಾತು ಹೇಳುವಾಗ ಮೈ ಹಿಡಿಯಾಯಿತು.

ಮೆಲ್ಚೋರ್ ಅವಳ ಹತ್ತಿರ ಬಂದ. "ಎರಡು ವರ್ಷದಿಂದಾನಾ?"

"ಹೌದು."

"ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು ಅನ್ನೋಕೆ ಬಾಯಿ ಬರಲ್ಲ ಅಣ್ಣಾ. ಗೊತ್ತಿರ್ಲಿಲ್ಲ ಅನ್ನೋಕೆ ಮುಖ ಇಲ್ಲ."

ಅವನು ಬೈಯುತ್ತಾನೆ ಎಂದುಕೊಂಡಿದ್ದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವನು ತನ್ನ ಜನರ ಕಡೆ ತಿರುಗಿ "ನಿಮಗ್ಯಾರಿಗೂ ಭಾರ ಅನ್ನಿಸ್ಲಿಲ್ವೇನ್ರೋ?" ಎಂದ.

ಹಿಂದಿನಿಂದ ಒಬ್ಬ ನರೆಗಡ್ಡದವನು ಹೇಳಿದ, "ಅನ್ನಿಸ್ತಿತ್ತು. ನನಗೇ ವಯಸ್ಸಾಯ್ತು ಅಂದ್ಕೊಂಡೆ."

"ನಾನೂ" ಎಂದ ಪಕ್ಕದವನು.

"ಐವತ್ತು ಭಾರ ಅಂತ ಯಾವ ಬಾಯಲ್ಲಿ ಹೇಳೋದು ಮೆಲ್ಚೋರ್? ನೀನೇ ನಗ್ತಿದ್ದೆ."

"ನಗ್ತಿದ್ದೆ" ಎಂದ ಮೆಲ್ಚೋರ್. "ನನಗೂ ಭಾರಾನೇ ಅನ್ನಿಸ್ತಿತ್ತು."

ಅಂದರೆ ನಲವತ್ತು ಗಂಡಸರು ಎರಡು ವರ್ಷ ಪ್ರತಿಯೊಬ್ಬನೂ ತನ್ನೊಬ್ಬನ ಬೆನ್ನಿಗೆ ಮಾತ್ರ ಮುಪ್ಪು ಬಂತೆಂದು ನಾಚಿ, ಅದನ್ನು ಪಕ್ಕದವನಿಂದ ಮುಚ್ಚಿಟ್ಟು, ಹಲ್ಲು ಕಚ್ಚಿ ಹೊತ್ತಿದ್ದರು. ನೆಲಿದಾಳ ಕಾಗದದಲ್ಲಿ ಬೆನ್ನಿನ ಲೆಕ್ಕವಿತ್ತು. ಈ ನಾಚಿಕೆಯ ಲೆಕ್ಕವನ್ನು ಅವಳು ಹಿಡಿದಿರಲೇ ಇಲ್ಲ.

ಅಷ್ಟರಲ್ಲಿ ಫೋರ್ತುನಾತೊ ಗುಂಪನ್ನು ಸರಿಸಿಕೊಂಡು ಪುಟ್ಟ ಪುಟ್ಟ ಹೆಜ್ಜೆ ಇಡುತ್ತ ತಕ್ಕಡಿಯವರೆಗೆ ಬಂದ. ಅಂಕಿಗಳನ್ನು ತುಟಿಯಲ್ಲೇ ಓದಿದ. ಮತ್ತೊಮ್ಮೆ ಓದಿದ.

"ಅರವತ್ತೊಂದಾ? ನಾನು ಹೊತ್ತಿದ್ದು ಅರವತ್ತೊಂದಾ?" ಅವನ ಮುಖ ಅರಳಿತು. "ಕೇಳಿದ್ರೇನ್ರೋ! ಅರವತ್ತೊಂದು! ಅದೂ ಆ ದಿನದ ಮೂವತ್ತನೇ ಮೂಟೆ! ಹಾಗಾದ್ರೆ ನಾನು ಇನ್ನೂ ಕೈಲಾಗದೋನು ಆಗಿಲ್ಲ!"

ಅವನು ನಕ್ಕ. ಕಣ್ಣೀರು ಇಳಿಯುತ್ತಿದ್ದರೂ ನಕ್ಕ. ಕೆಲಸ ಹೋಗುವುದರಲ್ಲಿತ್ತು, ಸೊಂಟ ಹೋಗಿಯೇ ಹೋಗಿತ್ತು, ಆದರೂ ಮರ್ಯಾದೆ ವಾಪಸ್ಸು ಬಂತೆಂದು ಹಬ್ಬ ಮಾಡುತ್ತಿದ್ದ. ಆ ನಗು ನೆಲಿದಾಳನ್ನು ಚುಚ್ಚಿದಷ್ಟು ಯಾವ ಬೈಗುಳವೂ ಚುಚ್ಚಲಾರದಿತ್ತು.

ಅಧ್ಯಕ್ಷ ಬರೆದದ್ದನ್ನು ಹೊಡೆದುಹಾಕಿದ. ಫೋರ್ತುನಾತೊನ ಅಂಗಿ ಅವನ ಕೈಗೆ ಮರಳಿತು, ಆಸ್ಪತ್ರೆಯೂ ಉಳಿಯಿತು. ನೆಲಿದಾ ತಕ್ಕಡಿಯ ಮುಂದೆ ಮಂಡಿಯೂರಿ ಕಿರೀಟದ ಹುರಿ ಬಿಚ್ಚತೊಡಗಿದಳು. ಬಿಚ್ಚಲು ಬರಲಿಲ್ಲ. ಅದು ಅಮ್ಮನ ಗಂಟು, ಎರಡು ಸುತ್ತು ಹಾಕಿ ಹಿಂದಕ್ಕೆ ಎಳೆದದ್ದು. ಕೊನೆಗೆ ಮೆಲ್ಚೋರ್ ಚಾಕು ಕೊಟ್ಟ.

"ಏಯ್, ಅದು ನನ್ನದು!" ಎಂದು ಸೊಯ್ಲಾ ಮುಂದೆ ಬಂದಳು.

"ಚೀಟೀಲಿ ಐವತ್ತು ಅಂತಿದೆ ದೊನ್ಯಾ" ಎಂದ ಮೆಲ್ಚೋರ್. "ಐವತ್ತು ಚೀಲದೊಳಗಿದೆ. ತಗೊಂಡು ಹೋಗಿ."

ನಾಲ್ಕು ಗಂಟೆಯಾಯಿತು. ಸನ್ಮಾನದ ಮಾತು ಯಾರೂ ಎತ್ತಲಿಲ್ಲ. ಡ್ರಮ್ಮಿನವನು ಡ್ರಮ್ಮು ಹೆಗಲಿಗೇರಿಸಿಕೊಂಡು ಹೋದ. ಕಾಗದದ ಪೊಟ್ಟಣಗಳು ಬೆಂಚಿನ ಮೇಲೆ ಉಳಿದವು. ಹೋಗುವಾಗ ಮೆಲ್ಚೋರ್ ಮಾತ್ರ ನಿಂತು, ಮುಂದಿನ ಲಾರಿ ಬರುವ ದಿನ ತಾವೇ ಪ್ರತಿ ಮೂಟೆಯನ್ನೂ ತೂಗಿ ಇಳಿಸಿಕೊಳ್ಳುತ್ತೇವೆ ಎಂದು ಹೇಳಿದ. ಇನ್ನು ನಿಮ್ಮ ರುಜು ಸಾಲದು ಎಂಬುದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಫೋರ್ತುನಾತೊನ ಮನೆ ಮಾರುಕಟ್ಟೆಯ ಹಿಂದಿನ ಬೋಳುಗುಡ್ಡದ ಮೇಲಿತ್ತು, ನೂರಾ ಎಂಬತ್ತು ಮೆಟ್ಟಿಲು. ನೆಲಿದಾ ಕಿರೀಟದ ಆಲೂಗಡ್ಡೆಗಳನ್ನು ತನ್ನ ಹೊದಿಕೆಯಲ್ಲಿ ಕಟ್ಟಿ, ಊರಿನ ಹೆಂಗಸರು ಮಗುವನ್ನು ಕಟ್ಟಿಕೊಳ್ಳುವ ಹಾಗೆ ಬೆನ್ನಿಗೆ ಬಿಗಿದುಕೊಂಡಳು. ಬೇಡ ಬೇಡ ಎಂದ ಅವನು. ಕೊಸರು ನಿಮ್ಮದು, ಮನೆಗೆ ಮುಟ್ಟಿಸುವುದಾದರೂ ನನ್ನಿಂದಾಗಲಿ ಎಂದಳು ಅವಳು.

ಮೊದಲ ಐವತ್ತು ಮೆಟ್ಟಿಲು ಹೇಗೋ ಆಯಿತು. ಆಮೇಲೆ ಗಂಟು ಭುಜವನ್ನು ಕೊರೆಯತೊಡಗಿತು. ಬಲಕ್ಕೆ ಸರಿಸಿದಳು, ಎಡಕ್ಕೆ ಸರಿಸಿದಳು, ಮತ್ತೆ ಬಲಕ್ಕೆ. ಕತ್ತು ಮುಂದಕ್ಕೆ ಬಾಗಿತು. ಕಂಡದ್ದು ಬರೀ ಮೆಟ್ಟಿಲು. ಬೆವರಿಗೆ ಅಂಟಿಕೊಂಡಿದ್ದ ಬಣ್ಣದ ಕಾಗದದ ಚೂರೊಂದು ಹಣೆಯಿಂದ ಜಾರಿ ಕಣ್ಣಿಗೆ ಬಂತು, ತೆಗೆಯಲು ಕೈ ಬಿಡುವಿರಲಿಲ್ಲ. ಹಿಂದಿನಿಂದ ಫೋರ್ತುನಾತೊ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಏರುತ್ತಿದ್ದ.

ಹೊದಿಕೆಯೊಳಗೆ ಸಿಕ್ಕಿಕೊಂಡಿದ್ದ ಫೋನು ಬಡಿದುಕೊಂಡಿತು. ಅಮ್ಮನದೇ ಇರಬೇಕು. ಹಮಾಲರು ಏನಂದರು, ಗಡ್ಡೆ ಹೇಗಿತ್ತಂತೆ, ಎಲ್ಲ ಕೇಳುತ್ತಾಳೆ. ನೆಲಿದಾ ಅದನ್ನು ಬಡಿದುಕೊಳ್ಳಲು ಬಿಟ್ಟಳು.

"ಭಾರಾನಾ ಇಂಜಿನಿಯರಮ್ಮ?" ಎಂದು ಕೇಳಿದ ಅವನು.

"ಹೌದು" ಎಂದಳು. ಆ ದಿನ ಅವಳು ಅಳುಕದೆ ಹೇಳಿದ ನಿಜ ಅದೊಂದೇ.

"ಹನ್ನೊಂದು ಕಿಲೋ ಅಲ್ವಾ? ಆಗುತ್ತೆ, ಆಗುತ್ತೆ" ಎಂದ ಫೋರ್ತುನಾತೊ, ಸ್ವಲ್ಪವೂ ಕಹಿಯಿಲ್ಲದೆ, ಕೆಲಸ ತಿಳಿದವನು ಹೊಸಬರಿಗೆ ಹೇಳಿಕೊಡುವಂತೆ. "ಅದರ ಕೆಳಗೆ ಇನ್ನೂ ಐವತ್ತು ಕಿಲೋ ಇದೆ ಅಂದ್ಕೊಂಡು ಕಾಲಿಡಿ. ಆಗ ಜಾರಲ್ಲ."

ಅವಳು ಹಾಗೆಯೇ ಅಂದುಕೊಂಡು ಮುಂದಿನ ಮೆಟ್ಟಿಲಿಗೆ ಕಾಲಿಟ್ಟಳು.